ತಿಮಿಂಗಿಲದ ಉಸಿರಿನ ಬುತ್ತಿ

ನಾವು ನೀರಿನಲ್ಲಿ ಮುಳುಗಿದರೆ ಒಂದೆರಡು ನಿಮಿಷಗಳಲ್ಲೇ ಉಸಿರುಕಟ್ಟುತ್ತದೆ. ನಮ್ಮಂತೆಯೇ ಶ್ವಾಸಕೋಶದಿಂದ ಉಸಿರಾಡುವ, ಮರಿಗೆ ಹಾಲೂಡಿಸುವ ಸ್ಪರ್ಮ್ ತಿಮಿಂಗಿಲವಾದರೋ ಒಂದು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು, ಸುಮಾರು ಒಂದು ಗಂಟೆಯ ಕಾಲ ಮುಳುಗಿರಬಲ್ಲದು. ಇದು ಹೇಗೆ ಸಾಧ್ಯ?

ಅದರ ಉಸಿರಿನ ಬುತ್ತಿ ಇರುವುದು ಮುಖ್ಯವಾಗಿ ರಕ್ತದಲ್ಲಿ ಮತ್ತು ಸ್ನಾಯುಗಳಲ್ಲಿ. ಸ್ನಾಯುವಿನಲ್ಲಿ ಆಮ್ಲಜನಕವನ್ನು ಹಿಡಿದಿಡುವ ಪ್ರೋಟೀನಿಗೆ ಮಯೋಗ್ಲೋಬಿನ್ ಎಂದು ಹೆಸರು. ಈ ತಿಮಿಂಗಿಲದ ಮಯೋಗ್ಲೋಬಿನ್ನಿನ ರಚನೆಯನ್ನು ಕಂಡುಹಿಡಿದ ಜಾನ್ ಕೆಂಡ್ರೂ ಅವರಿಗೆ 1962ರ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು.

ಪ್ರೋಟೀನು ಅತಿ ದಟ್ಟವಾದರೆ ಗಂಟುಕಟ್ಟುವುದುಂಟು. ಆದರೆ ಆಳಕ್ಕೆ ಮುಳುಗುವ ಸಸ್ತನಿಗಳಲ್ಲಿ ವಂಶವಾಹಿಯ ಬದಲಾವಣೆಯಿಂದ ಮಯೋಗ್ಲೋಬಿನ್ನಿನ ಮೇಲ್ಮೈಯಲ್ಲಿ ಧನ ವಿದ್ಯುದಂಶ ಹೆಚ್ಚಿದೆಯೆಂದು 2013ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು. ಅಯಸ್ಕಾಂತದ ಸಜಾತೀಯ ಧ್ರುವಗಳಂತೆ ಕಣಗಳು ಒಂದನ್ನೊಂದು ದೂಡುತ್ತವೆ. ಆದುದರಿಂದ ಗಂಟಾಗದೆ ಹೆಚ್ಚು ಸಂಖ್ಯೆಯಲ್ಲಿ ಸೇರಿರಬಲ್ಲವು. ಸೀಲುಗಳಲ್ಲಿಯೂ ಇಂತಹುದೇ ಬದಲಾವಣೆ ಪ್ರತ್ಯೇಕವಾಗಿ ನಡೆದಿದೆ.

ಇದಕ್ಕೆ ಲಕ್ಷಾಂತರ ವರ್ಷಗಳೇ ಹಿಡಿದವು. ಆದರೆ ಎಷ್ಟು ಆಳಕ್ಕೆ ಇಳಿದರೂ ತಿಮಿಂಗಿಲವು ಉಸಿರಿಗಾಗಿ ಮೇಲೆ ಬರಲೇಬೇಕು. ಬೇಟೆಗಾರರು ಈಟಿ ಹಿಡಿದು ಕಾದದ್ದು ಅಲ್ಲಿಯೇ! ವ್ಯಾಪಾರಕ್ಕಾಗಿ ನಡೆಯುವ ಬೇಟೆಗೆ 1986ರಲ್ಲಿ ಅಂತರರಾಷ್ಟ್ರೀಯ ತಡೆ ಬಂತು. ಆಳದಲ್ಲಿ ಬದುಕುವ ವಿದ್ಯೆಯನ್ನು ಪ್ರಕೃತಿ ಅದಕ್ಕೆ ಕಲಿಸಿದೆ. ಮೇಲೆ ಬಂದಾಗ ನೆಮ್ಮದಿಯಿಂದ ಉಸಿರಾಡಗೊಡುವುದು ಮನುಷ್ಯರಾದ ನಮ್ಮ ಕರ್ತವ್ಯ.