ಉಂಗುರ ಕುಗ್ಗಿತೆ?

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ವೈದ್ಯಶಾಸ್ತ್ರವಂತೂ ನನ್ನ ವಿಷಯವಲ್ಲ. ಆದರೂ ಕಾರ್ಯದಿಂದ ಕಾರಣವನ್ನು ಊಹಿಸುವ ತರ್ಕದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಏಡ್ಸ್ ರೋಗಿಯ ನಿರೋಧಶಕ್ತಿ ತೀರ ಕುಗ್ಗಿದಾಗ, ಒಳಗೆ ಅಡಗಿದ್ದ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಮಿದುಳಿನಲ್ಲಿ ತಲೆಯೆತ್ತುತ್ತದೆ. ಎಂ.ಆರ್.ಐ. ಚಿತ್ರದಲ್ಲಿ ಆ ಗಾಯ ಉಂಗುರದಂತೆ ಹೊಳೆಯುತ್ತದೆ. ತೊಡಕೆಂದರೆ, ಲಿಂಫೋಮಾ ಎಂಬ ಅರ್ಬುದವೂ ಕ್ಷಯದ ಗಂಟೂ ಹಾಗೆಯೇ ಕಾಣಬಹುದು. ಒಡನೆ ತಲೆಬುರುಡೆ ಕೊರೆದು ನೋಡಬೇಕೆ? ರಕ್ತಪರೀಕ್ಷೆಯೂ ಶಂಕೆಗೆ ಒತ್ತಾಸೆಯಾದರೆ ವೈದ್ಯರು ಸಾಮಾನ್ಯವಾಗಿ ಟಾಕ್ಸೊಪ್ಲಾಸ್ಮಾದ ಔಷಧವನ್ನೇ ಕೊಟ್ಟು, 10-14 ದಿನಗಳ ಮೇಲೆ ಮತ್ತೆ ಚಿತ್ರ ತೆಗೆಯುತ್ತಾರೆ. ಉಂಗುರ ಕುಗ್ಗಿದ್ದರೆ ಅದೇ ಔಷಧ ಮುಂದುವರಿಯುತ್ತದೆ, ಇಲ್ಲವಾದರೆ ಬಯಾಪ್ಸಿ. ನಡುವೆ ಬಾವು ಇಳಿಸಲು ಸ್ಟಿರಾಯ್ಡ್ ಕೊಟ್ಟಿದ್ದರೆ ಮಾತ್ರ ಎಚ್ಚರ ಬೇಕು: ಅದು ಲಿಂಫೋಮಾವನ್ನೂ ಕೆಲಕಾಲ ಕುಗ್ಗಿಸಿ, ಚಿತ್ರದಿಂದಲೇ ಸುಳ್ಳು ಹೇಳಿಸಬಲ್ಲದು.