ಹೊಸ ಮನೆಯ ರೂಟರಿಗೆ ಕೆಲವು ಕಿವಿಮಾತು

ವಿಶಾಖಪಟ್ಟಣದ ಮಧುರವಾಡಕ್ಕೋ ವಿಜಯವಾಡದ ಪಟಮಟಕ್ಕೋ ಕೆಲಸದ ಮೇಲೆ ಬಂದು ಸಂಸಾರ ಹೂಡುವ ನಮ್ಮ ಕಡೆಯ ಮಕ್ಕಳು ಮೊದಲ ದಿನ ಹಾಲು ಉಕ್ಕಿಸುತ್ತಾರೆ, ಮಾರನೇ ದಿನ ಇಂಟರ್ನೆಟ್ ಹಾಕಿಸುತ್ತಾರೆ. ಆ ಮಾರನೇ ದಿನಕ್ಕೆ ಈ ಮಾತು.

• ಆಂಧ್ರ ಸರ್ಕಾರದ ಫೈಬರ್‌ನೆಟ್ ಕರೆಂಟ್ ಕಂಬಗಳ ಮೇಲೆ ಎಳೆದ ತಂತಿಯಲ್ಲಿ ಬರುತ್ತದೆ. 2017ರ ಡಿಸೆಂಬರ್ 27ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದಾಗ ಟಿವಿ, ಫೋನ್, ಇಂಟರ್ನೆಟ್ ಮೂರೂ ತಿಂಗಳಿಗೆ 149 ರೂಪಾಯಿಗೇ ಸಿಗುತ್ತಿದ್ದವು. ಅದನ್ನಾಗಲಿ ಬೇರೆ ಕಂಪನಿಯದನ್ನಾಗಲಿ ಮನೆಯೊಳಗೆ ಕೂಡಿಸಿಕೊಡುವವರು ಸಾಮಾನ್ಯವಾಗಿ ಬಡಾವಣೆಯ ಕೇಬಲ್ ಹುಡುಗರು. ಕೆಲಸದಲ್ಲಿ ಚುರುಕು. ಆದರೆ ಮನೆಯಿಂದ ಮನೆಗೆ ಓಡುವವರು ನೆನಪಿಗೆ ಸುಲಭವಾದ ಪಾಸ್‌ವರ್ಡನ್ನೇ ಹಾಕುತ್ತಾರೆ, ಹೆಚ್ಚಿನ ಸಲ ನಿಮ್ಮದೇ ಮೊಬೈಲ್ ನಂಬರ್. ಅವರಿಗೆ ನೀರು, ಕಾಫಿ ಕೊಟ್ಟು ಕಳಿಸಿ. ಬಾಗಿಲು ಹಾಕಿದ ಮೇಲೆ ಪಾಸ್‌ವರ್ಡ್ ಬದಲಿಸಿ.

• ಬದಲಿಸಬೇಕಾದದ್ದು ಒಂದಲ್ಲ, ಎರಡು. ವೈಫೈ ಪಾಸ್‌ವರ್ಡ್ ಎಲ್ಲರಿಗೂ ಗೊತ್ತು. ರೂಟರಿನ ಒಳಗೇ ಹೋಗುವ ಅಡ್ಮಿನ್ ಪಾಸ್‌ವರ್ಡನ್ನು ಹತ್ತರಲ್ಲಿ ಒಬ್ಬರೂ ಮುಟ್ಟುವುದಿಲ್ಲ ಎಂಬುದು ನನ್ನ ಅನುಭವ. 2017ರ ಜುಲೈನಲ್ಲಿ ನಮ್ಮ ಕರ್ನಾಟಕದಲ್ಲೇ ಬಿಎಸ್ಎನ್ಎಲ್ ಗ್ರಾಹಕರ ಸಾವಿರಾರು ಮೋಡೆಮ್‌ಗಳು ಒಮ್ಮೆಗೇ ಕೆಟ್ಟು ಕುಳಿತವು. ಕಾರ್ಖಾನೆಯಿಂದ ಬಂದ 'ಅಡ್ಮಿನ್, ಅಡ್ಮಿನ್' ಎಂಬ ಜೋಡಿಯನ್ನು ಯಾರೂ ಬದಲಿಸಿರಲಿಲ್ಲ. ದುರುಳ ತಂತ್ರಾಂಶ ಅದೇ ದಾರಿಯಲ್ಲಿ ನುಗ್ಗಿತ್ತು. ಪೆಟ್ಟಿಗೆಯ ಹಿಂದಿನ ಚೀಟಿಯಲ್ಲಿ 192.168.1.1ರಂಥ ವಿಳಾಸವಿರುತ್ತದೆ, ಬ್ರೌಸರಿನಲ್ಲಿ ಹಾಕಿ, ಒಳಗೆ ಹೋಗಿ. ನಾಲ್ಕೈದು ಕನ್ನಡ ಪದ ಬೆಸೆದ ಉದ್ದನೆಯ ಪಾಸ್‌ವರ್ಡ್ ಇಡಿ. ಮಗುವಿನ ಹೆಸರು, ಹುಟ್ಟಿದ ವರ್ಷ ಬೇಡ.

• ಒಳಗೆ ಹೋದಾಗಲೇ ಇನ್ನಷ್ಟು ಮುಗಿಸಿ: ಭದ್ರತೆ ಡಬ್ಲ್ಯುಪಿಎ3 ಇರಲಿ, ಇಲ್ಲದಿದ್ದರೆ ಡಬ್ಲ್ಯುಪಿಎ2. ಡಬ್ಲ್ಯುಪಿಎಸ್ ಆಫ್. ರಿಮೋಟ್ ಮ್ಯಾನೇಜ್‌ಮೆಂಟ್ ಆಫ್. ಫರ್ಮ್‌ವೇರ್ ಅಪ್‌ಡೇಟ್ ಇದ್ದರೆ ಹಾಕಿ. ರೂಟರ್ ಕಂಪನಿಯದಾಗಿದ್ದರೆ ಅವರನ್ನೇ ಕೇಳಿ.

• ದಸರೆಗೆ ಕನಕದುರ್ಗಮ್ಮನ ದರ್ಶನಕ್ಕೆಂದು ನೆಂಟರು ವಿಜಯವಾಡಕ್ಕೆ ಬಂದೇ ಬರುತ್ತಾರೆ, ಬಂದವರು ವೈಫೈ ಕೇಳಿಯೇ ಕೇಳುತ್ತಾರೆ. ಕೊಡಿ, ಇಲ್ಲವೆನ್ನಬೇಡಿ. ಕೊಡುವುದು ಮಾತ್ರ ಗೆಸ್ಟ್ ನೆಟ್‌ವರ್ಕ್ ಆಗಿರಲಿ. ಸ್ಮಾರ್ಟ್ ಟಿವಿ, ಬಾಗಿಲ ಕ್ಯಾಮೆರಾಗಳನ್ನೂ ಅದಕ್ಕೇ ಸೇರಿಸಿ. ಬ್ಯಾಂಕ್ ಕೆಲಸದ ಲ್ಯಾಪ್‌ಟಾಪ್ ಬೇರೆಯೇ ಇರಲಿ.

• ರೂಟರ್ ಭದ್ರವಾದರೆ ಕಂಪ್ಯೂಟರ್ ಭದ್ರವಾಯಿತು ಎಂದುಕೊಳ್ಳಬೇಡಿ. 2017ರ ಮೇ 12ರಂದು ಜಗತ್ತನ್ನೇ ಸುತ್ತಿದ ವಾನಾಕ್ರೈ ಈ ರಾಜ್ಯದ ಪೊಲೀಸ್ ಕಂಪ್ಯೂಟರುಗಳನ್ನೂ ಹಿಡಿಯಿತು. ಆಗ ಪೆಟ್ಟು ತಿಂದ ಜಿಲ್ಲೆಗಳಲ್ಲಿ ವಿಶಾಖಪಟ್ಟಣವೂ ಇತ್ತು, ವಿಜಯವಾಡ ಸೇರಿದ್ದ ಕೃಷ್ಣಾ ಜಿಲ್ಲೆಯೂ ಇತ್ತು. ಕಡತಗಳಿಗೆ ಬೀಗ ಜಡಿದು ಬಿಟ್‌ಕಾಯಿನ್ ಕೇಳುವ ಹುಳು ಅದು. ಒಂದು ಯಂತ್ರಕ್ಕೆ ಹತ್ತಿದರೆ ಅದೇ ನೆಟ್‌ವರ್ಕಿನ ಉಳಿದವಕ್ಕೆ ತಾನಾಗಿ ಹರಡುತ್ತಿತ್ತು. ಮೈಕ್ರೋಸಾಫ್ಟ್ ಅದಕ್ಕೆ ಮದ್ದನ್ನು ಮಾರ್ಚ್‌ನಲ್ಲೇ ಕೊಟ್ಟಿತ್ತು, ಹಾಕಿಕೊಂಡವರು ಉಳಿದರು. ಆದ್ದರಿಂದ 'ನಂತರ ನೆನಪಿಸು' ಒತ್ತಬೇಡಿ. ಅಪ್‌ಡೇಟ್ ರಾತ್ರಿ ನಡೆಯಲಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಅದೇ ಇದ್ದರೆ ವಿಂಡೋಸ್ 11ಕ್ಕೋ ಲಿನಕ್ಸ್‌ಗೋ ಬದಲಾಗಿ.

• ಫೋಟೊ, ಅಂಕಪಟ್ಟಿ, ಮನೆಪತ್ರಗಳ ಪ್ರತಿ ಬೇರೊಂದು ಹಾರ್ಡ್‌ಡಿಸ್ಕಿನಲ್ಲಿರಲಿ. ಪ್ರತಿ ತೆಗೆದ ಕೂಡಲೇ ಕೇಬಲ್ ಕಿತ್ತಿಡಿ, ಸಿಕ್ಕಿಸಿಯೇ ಬಿಟ್ಟ ಡಿಸ್ಕಿಗೂ ಬೀಗ ಬೀಳುತ್ತದೆ. ಈ ಊರುಗಳಲ್ಲಿ ನೀರಿನ ಭಯವೂ ಇದೆ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣವನ್ನು ಬಡಿಯಿತು. 2024ರ ಸೆಪ್ಟೆಂಬರ್ ಮೊದಲ ವಾರ ಬುಡಮೇರು ಹೊಳೆ ಉಕ್ಕಿ ವಿಜಯವಾಡದ ಸಿಂಗ್‌ನಗರದ ಮನೆಗಳಿಗೆ ನುಗ್ಗಿತು. ರೂಟರನ್ನೂ ಡಿಸ್ಕನ್ನೂ ಎತ್ತರದ ಗೂಡಿನಲ್ಲಿಡಿ. ಇನ್ನೊಂದು ಪ್ರತಿ ಊರಲ್ಲಿ ಅಪ್ಪ ಅಮ್ಮನ ಬಳಿ ಇರಲಿ. ಸಿಡಿಲಿನ ಹೊತ್ತಿಗೆ ರೂಟರಿನ ಪ್ಲಗ್ ಕಿತ್ತುಬಿಡಿ: ಫೈಬರಿನಲ್ಲಿ ವಿದ್ಯುತ್ ಹರಿಯದಿದ್ದರೂ ಗೋಡೆಯ ಪ್ಲಗ್ಗಿನಿಂದ ಬರುತ್ತದೆ.

• 'ನಿಮ್ಮ ನೆಟ್ ಕಂಪನಿಯಿಂದ ಮಾತಾಡುತ್ತಿದ್ದೇವೆ, ಈ ಆ್ಯಪ್ ಹಾಕಿಕೊಳ್ಳಿ' ಎಂದು ಹಿಂದಿಯಲ್ಲೋ ತೆಲುಗಿನಲ್ಲೋ ಕರೆ ಬಂದರೆ ಇಟ್ಟುಬಿಡಿ. ಭಾಷೆ ಅರ್ಥವಾಗದ ಸಂಕೋಚಕ್ಕೆ ಹೂಂಗುಟ್ಟಬೇಡಿ, ಹೊಸ ಊರಿನವರು ಜಾರುವುದೇ ಇಲ್ಲಿ. ಹಣ ಹೋಗಿದ್ದರೆ ಆ ಗಳಿಗೆಯೇ 1930ಕ್ಕೆ ಕರೆ ಮಾಡಿ. ಗಂಟೆ ಕಳೆದಷ್ಟೂ ಹಣ ಕೈದಾಟುತ್ತದೆ. ಕಂಪ್ಯೂಟರಿಗೆ ಸೋಂಕಿನ ಅನುಮಾನವಿದ್ದರೆ ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲಿ ಉಚಿತ ಶುದ್ಧಿ ಸಾಧನಗಳಿವೆ.

• ಸಂಪರ್ಕ ಹೋದಾಗಲೆಲ್ಲ ರೀಸೆಟ್ ಗುಂಡಿ ಒತ್ತಬೇಡಿ, ಕಂಪನಿಯ ಯೂಸರ್‌ನೇಮ್ ಅಳಿಸಿಹೋಗಿ ಇನ್ನೂ ತೊಡಕಾಗುತ್ತದೆ. ಅದನ್ನು ಒತ್ತಬೇಕಾದ್ದು ಮನೆ ಖಾಲಿ ಮಾಡುವಾಗ. ರೂಟರನ್ನು ಕಂಪನಿಗೆ ಹಿಂತಿರುಗಿಸುವ ಮುನ್ನ ಪಿನ್ನಿನಿಂದ ಸುಮಾರು ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ. ದೀಪಗಳೆಲ್ಲ ಆರಿ ಮತ್ತೆ ಹತ್ತಿದ ಮೇಲೆ ಕೊಡಿ.