ಹಳೆಯ ಕೇಸನ್ನು ಮುಚ್ಚಿಡಬೇಡಿ

ತರೀಕೆರೆಯ ಓದುಗರೇ, ಜಾತ್ರೆಯ ಜಗಳದಲ್ಲಿ ನಿಮ್ಮ ಮೇಲೆ ಕೇಸಾಗಿ, ಖುಲಾಸೆಯೂ ಆಗಿದೆ. ಪಣಂಬೂರಿನ ನವಮಂಗಳೂರು ಬಂದರಿನ ಗುತ್ತಿಗೆ ಕೆಲಸಕ್ಕೆ ಪೊಲೀಸ್ ವೆರಿಫಿಕೇಶನ್ ಕೇಳಿದ್ದಾರೆ, ಅರ್ಜಿಯಲ್ಲಿ ಇದನ್ನು ಬರೆಯಬೇಕೇ ಎಂದಿದ್ದೀರಿ. ಕೇಳಿದ್ದರೆ ಬರೆಯಲೇಬೇಕು. ಮೂಟೆ ಹೊರುವವನಿಗೂ ಇಷ್ಟು ತಪಾಸಣೆಯೇ ಎಂಬ ನಿಮ್ಮ ಬೇಸರ ಸಹಜ. ಆದರೆ 2004ರ ಜುಲೈ 1ರಿಂದ ಜಾರಿಯಲ್ಲಿರುವ, ಹಡಗು ಮತ್ತು ಬಂದರುಗಳ ಭದ್ರತೆಗಾಗಿನ ಅಂತರರಾಷ್ಟ್ರೀಯ ಐಎಸ್‌ಪಿಎಸ್ ಸಂಹಿತೆಯ ಪ್ರಕಾರ, ವಿದೇಶಿ ಹಡಗು ಬರುವ ಬಂದರುಗಳು ಒಳಗೆ ಕಾಲಿಡುವ ಪ್ರತಿಯೊಬ್ಬರ ಮೇಲೂ ನಿಗಾ ಇಡಬೇಕು. ಪಣಂಬೂರಿನಲ್ಲಿ ಕಚ್ಚಾತೈಲ, ಅಡುಗೆ ಅನಿಲ ಇಳಿಯುತ್ತವೆ. ಹುದ್ದೆ ಚಿಕ್ಕದಿರಬಹುದು, ಓಡಾಡುವ ಜಾಗ ಮಾತ್ರ ಸೂಕ್ಷ್ಮ. ಹಾಗಾಗಿ ತಪಾಸಣೆಯನ್ನು ನಿಮ್ಮ ಮೇಲಿನ ಅನುಮಾನವೆಂದು ತಿಳಿಯಬೇಡಿ.

ಹೇಳಿದರೆ ಕೆಲಸ ತಪ್ಪೀತು ಎಂಬ ಭಯಕ್ಕೂ ಆಧಾರವಿದೆ. ನಿಜ ಹೇಳಿದವರನ್ನು ಸೇರಿಸಿಕೊಳ್ಳಲೇಬೇಕೆಂಬ ನಿಯಮವಿಲ್ಲ. ಆದರೂ ಅವತಾರ್ ಸಿಂಗ್ ಪ್ರಕರಣದಲ್ಲಿ (2016) ಸುಪ್ರೀಂ ಕೋರ್ಟ್, ಅರ್ಜಿಯಲ್ಲಿ ಕೊಡುವ ಮಾಹಿತಿ ನಿಜವಿರಬೇಕು ಎಂದಿತು. ಜತೆಗೆ, ಪ್ರಕರಣ ಕ್ಷುಲ್ಲಕವಾಗಿದ್ದರೆ ಅದನ್ನು ಮುಚ್ಚಿಟ್ಟ ತಪ್ಪನ್ನೂ ಉದ್ಯೋಗದಾತರು ವಿವೇಚನೆಯಿಂದ ಮನ್ನಿಸಬಹುದು ಎಂದಿತು. ನಿಮ್ಮಂಥವರಿಗೆ ಈ ತೀರ್ಪು ದೊಡ್ಡ ಆಸರೆ. ಖುಲಾಸೆಯಾದ ಕೇಸನ್ನು ವಿವರಿಸಬಹುದು. ಬಚ್ಚಿಟ್ಟದ್ದು ಠಾಣೆಯ ದಾಖಲೆಯಿಂದ ಹೊರಬಿದ್ದರೆ ಸುಳ್ಳು ಹೇಳಿದ್ದಕ್ಕೇ ಕೆಲಸ ಹೋಗಬಹುದು.

ತೀರ್ಪಿನ ದೃಢೀಕೃತ ನಕಲನ್ನು ನ್ಯಾಯಾಲಯದಿಂದ ಪಡೆದು ಅರ್ಜಿಗೆ ಲಗತ್ತಿಸಿ. ಓದಿಗಾಗಿ ಕಡೂರಿನಲ್ಲೋ ಅಜ್ಜಂಪುರದಲ್ಲೋ ವಾಸವಿದ್ದರೆ, ಅರ್ಜಿ ಕೇಳಿದಲ್ಲಿ ಆ ವಿಳಾಸವನ್ನೂ ಬರೆಯಿರಿ. ‘ಕ್ಲಿಯರ್ ಮಾಡಿಸಿಕೊಡುತ್ತೇನೆ’ ಎನ್ನುವ ದಲ್ಲಾಳಿಯ ಕೈಗೆ ದಯವಿಟ್ಟು ಒಂದು ರೂಪಾಯಿಯನ್ನೂ ಕೊಡಬೇಡಿ.